ಫಳಫಳ ಹೊಳೆದರೂ ಅಯಾನು ಬಿಡುತ್ತದೆ: ಕೋಬಾಲ್ಟ್-ಕ್ರೋಮ್ ಪಾಲಿಶಿಂಗ್ ಟಿಪ್ಪಣಿ

ಹಲ್ಲಿನ ಸಾಮಗ್ರಿಗಳ ಬಗ್ಗೆ ಓದುವ ನಾವು ಪಾಲಿಶಿಂಗ್ ಪಾಠ ಬೇರೆ, ಕೊರೋಷನ್ (ಲೋಹ ಸವೆದು ಅಯಾನುಗಳಾಗಿ, ಅಂದರೆ ವಿದ್ಯುದಾವೇಶ ಇರುವ ಕಣಗಳಾಗಿ, ಹೊರಬರುವುದು) ಪಾಠ ಬೇರೆ ಓದುತ್ತೇವೆ. ಹೊಳೆಯುವ ಲೋಹವೂ ಅಯಾನು ಬಿಡಬಹುದು ಎಂಬುದು ನನ್ನ ತಲೆಗೆ ಹತ್ತಿದ್ದು ಎರಡನ್ನೂ ಒಟ್ಟಿಗೆ ಇಟ್ಟು ಓದಿದಾಗಲೇ. ಉದಾಹರಣೆಗೆ ತೆಗೆದು ಹಾಕುವ ಹಲ್ಲುಸೆಟ್ಟಿನ ಕೋಬಾಲ್ಟ್-ಕ್ರೋಮ್ ಫ್ರೇಮ್ ತೆಗೆದುಕೊಳ್ಳೋಣ.

ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಕೋಬಾಲ್ಟ್. ಕ್ರೋಮಿಯಂ ಸಾಮಾನ್ಯವಾಗಿ ಶೇ. 25ರಿಂದ 30, ಮಾಲಿಬ್ಡಿನಂ ಸುಮಾರು ಶೇ. 5. ಲೋಹವನ್ನು ಕಾಯುವುದು ಮೇಲಿನ ಕ್ರೋಮಿಯಂ ಆಕ್ಸೈಡ್ ಪದರ. ದಪ್ಪ ಕೆಲವೇ ನ್ಯಾನೊಮೀಟರ್. ಉಜ್ಜುವಾಗ ಮೊದಲು ಕಿತ್ತುಹೋಗುವುದು ಇದೇ! ಗಾಳಿ ತಾಗಿದ ಕೂಡಲೇ ಮತ್ತೆ ಕಟ್ಟಿಕೊಳ್ಳುತ್ತದೆ, ಆದರೆ ಗಟ್ಟಿಯಾಗಲು ಹೊತ್ತು ಬೇಕು. ಹಾಗಾಗಿ ಈಗಷ್ಟೇ ಉಜ್ಜಿದ ತುಂಡಿಗೂ ಒಂದು ದಿನ ಬಿಟ್ಟ ತುಂಡಿಗೂ ಅಯಾನು ಬಿಡುಗಡೆಯ ಪರೀಕ್ಷೆಯಲ್ಲಿ ಒಂದೇ ಅಂಕಿ ಬರಬೇಕೆಂದಿಲ್ಲ. ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದರೆ ಎಷ್ಟು ಚೆನ್ನಾಗಿ ಹೊಳೆಯುತ್ತದೆ! ಹಾಗಂತ ಕಲಾಯಿ ಇಲ್ಲದೆ ಅದರಲ್ಲಿ ಸಾರು ಕಾಯಿಸುವುದಿಲ್ಲ, ಅಲ್ವಾ?

ಇನ್ನು ಒರಟುತನ. ಒರಟು ಮೈಗೆ ನಿಜವಾದ ವಿಸ್ತೀರ್ಣ ಜಾಸ್ತಿ. ನಾವು ಮಾತ್ರ ಅಯಾನಿನ ತೂಕವನ್ನು ಸ್ಕೇಲಿನಲ್ಲಿ ಅಳೆದ ಚದರ ಸೆಂಟಿಮೀಟರಿನಿಂದ ಭಾಗಿಸುತ್ತೇವೆ. ಆಗ ಮಿಶ್ರಲೋಹವೇ ಕೆಟ್ಟದ್ದೆಂದು ಕಾಣಬಹುದು. ಜೊತೆಗೆ ಗೀರುಗಳ ತಳಕ್ಕೆ ಆಮ್ಲಜನಕ ಸರಿಯಾಗಿ ತಲುಪುವುದಿಲ್ಲ, ಪದರ ದುರಸ್ತಿಯಾಗುವುದಿಲ್ಲ. ಪ್ಲಾಕ್ (ಬ್ಯಾಕ್ಟೀರಿಯಾಗಳ ಅಂಟು ಪದರ) ಕೂಡ ಅಲ್ಲೇ ಕೂರುತ್ತದೆ. ಅದಕ್ಕೇ ಆರ್‌ಎ (ಮೈಯ ಸರಾಸರಿ ಒರಟುತನ) 0.2 ಮೈಕ್ರೊಮೀಟರ್ ಎಂಬ ಗಡಿ ಪದೇ ಪದೇ ಕೇಳಿಬರುವುದು.

ಉಜ್ಜುವ ಸಾಮಾನೂ ಗುರುತು ಬಿಡುತ್ತದೆ. ಸ್ಯಾಂಡ್‌ಬ್ಲಾಸ್ಟಿಂಗ್‌ನ ಅಲ್ಯೂಮಿನಾ ಕಣ ಲೋಹದೊಳಗೆ ನಾಟಿಕೊಳ್ಳುತ್ತದೆ, ಪೇಸ್ಟ್ ಸಂದಿಯಲ್ಲಿ ಉಳಿಯುತ್ತದೆ. ನಿಕ್ಕಲ್-ಕ್ರೋಮ್ ಉಜ್ಜಿದ ರಬ್ಬರ್ ಚಕ್ರವನ್ನೇ ಇದಕ್ಕೂ ಹಿಡಿದರೆ, ಇಲ್ಲದ ನಿಕ್ಕಲ್ ವರದಿಯಲ್ಲಿ ಬಂದು ಕೂರಬಹುದು.

ನನಗೆ ತುಂಬ ಹಿಡಿಸಿದ್ದು ಎಲೆಕ್ಟ್ರೊಪಾಲಿಶಿಂಗ್. ಫ್ರೇಮನ್ನು ಆಮ್ಲದ ದ್ರಾವಣದಲ್ಲಿ ಆನೋಡ್ (ಧನ ತುದಿ) ಮಾಡಿ ಕರೆಂಟ್ ಹರಿಸಿದರೆ ಉಬ್ಬುಗಳು ಮೊದಲು ಕರಗುತ್ತವೆ. ಕಣ ನಾಟುವುದಿಲ್ಲ, ಉಜ್ಜಾಟದಿಂದ ಜಜ್ಜಿಹೋದ ಪದರವೂ ಉಳಿಯುವುದಿಲ್ಲ. ಅಂಗುಳಿಗೆ ತಾಗುವ ಒಳಮೈಯನ್ನು ಚಕ್ರ ಹಿಡಿದು ಉಜ್ಜಿದರೆ ಫಿಟ್ ಕೆಡುತ್ತದೆ. ಅಲ್ಲಿ ಈ ವಿಧಾನವೇ ಆಸರೆ.

ಪರೀಕ್ಷೆಗೆ ನೆನಪಿಡಬೇಕಾದ್ದು: ಐಎಸ್‌ಒ 10271 ಎಂಬ ಅಂತರರಾಷ್ಟ್ರೀಯ ಮಾನದಂಡದ ಮುಳುಗಿಸುವ ಪರೀಕ್ಷೆ. ಲ್ಯಾಕ್ಟಿಕ್ ಆಮ್ಲ ಮತ್ತು ಉಪ್ಪಿನ ದ್ರಾವಣ, ಪಿಎಚ್ ಸುಮಾರು 2.3, 37 ಡಿಗ್ರಿ ಸೆಲ್ಸಿಯಸ್, 7 ದಿನ. ಐಎಸ್‌ಒ 22674 ಪ್ರಕಾರ ಒಟ್ಟು ಬಿಡುಗಡೆ ಚದರ ಸೆಂಟಿಮೀಟರಿಗೆ 200 ಮೈಕ್ರೊಗ್ರಾಂ ದಾಟಬಾರದು. ಹೊರಬರುವುದರಲ್ಲಿ ಕೋಬಾಲ್ಟಿನದೇ ಮೇಲುಗೈ. ಆದರೆ ಆ ಅಂಕಿ ಪ್ರಯೋಗಾಲಯದಲ್ಲಿ ಒಂದೇ ಸಮ ಉಜ್ಜಿದ ತುಂಡಿನದು. ರೋಗಿಯ ಕುರ್ಚಿಯ ಪಕ್ಕ ನಿಂತು ಕ್ಲ್ಯಾಸ್ಪನ್ನು (ಹಲ್ಲನ್ನು ಹಿಡಿಯುವ ಕೊಂಡಿ) ಬರ್‌ನಿಂದ (ತಿರುಗುವ ಕೊರೆಯುವ ತುದಿ) ಕೆರೆದು, ಮತ್ತೆ ಪಾಲಿಶ್ ಮಾಡದೆ ಬಾಯಿಗಿಟ್ಟ ಫ್ರೇಮಿಗೆ ಅದು ಅನ್ವಯಿಸುವುದಿಲ್ಲ.