ಬೆಳಗಾನ ಹಾಡಿಗೆ ಎಷ್ಟು ಬಿಟ್ ಬೇಕು?

ಮಳವಳ್ಳಿ ಕಡೆ ನೀಲಗಾರರು ಮಂಟೇಸ್ವಾಮಿ ಕತೆ ಹಾಡಲು ಕೂತರೆ ಬೆಳಕು ಹರಿಯುತ್ತದೆ. ಅಂಥ ಹಾಡಿನ ಹಳೇ ಕ್ಯಾಸೆಟ್ ಮಂಡ್ಯ, ಮೈಸೂರಿನ ಮನೆಗಳ ಅಟ್ಟದಲ್ಲಿ ಇನ್ನೂ ಸಿಗುತ್ತವೆ. ಅವನ್ನು ಕಂಪ್ಯೂಟರಿಗೆ ಇಳಿಸಲು ಹೊರಟವರಿಗೆ ಮೊದಲ ತಲೆನೋವು ಫಾರ್ಮ್ಯಾಟು.

ಕತೆ 1982ರ ಸಿಡಿಯಿಂದ ಶುರು. ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಅಷ್ಟು ಸಲ ಸದ್ದಿನ ಅಳತೆ. ಒಂದೊಂದನ್ನೂ ಬರೆದಿಡಲು 16 ಬಿಟ್, ಅಂದರೆ 0 ಅಥವಾ 1 ಎಂಬ 16 ಅಂಕಿ. ಈ ಪದ್ಧತಿಯ ಹೆಸರು ಪಿಸಿಎಂ. ಯಾಕೆ ಸರಿಯಾಗಿ 44,100? ಆಗ ಡಿಜಿಟಲ್ ಸದ್ದನ್ನು ತುಂಬುತ್ತಿದ್ದದ್ದು ವಿಡಿಯೋ ಟೇಪಿನಲ್ಲಿ. ವಿಡಿಯೋ ಚಿತ್ರದ ಗೆರೆಗೆ 3 ಸ್ಯಾಂಪಲ್, ಫೀಲ್ಡಿಗೆ (ಅರ್ಧ ಚಿತ್ರಕ್ಕೆ) 245 ಗೆರೆ, ಸೆಕೆಂಡಿಗೆ 60 ಫೀಲ್ಡ್. ಗುಣಿಸಿ ನೋಡಿ. ಒಂದು ಸದ್ದನ್ನು ಹಿಡಿಯಲು ಅದರ ಕಂಪನದ ಎರಡರಷ್ಟಕ್ಕಿಂತ ಜಾಸ್ತಿ ಸ್ಯಾಂಪಲ್ ಬೇಕು. ಇದು ಕಿವಿಗೆ ಕೇಳುವ ಗರಿಷ್ಠ 20,000 ಹರ್ಟ್ಸ್‌ನ (ಸೆಕೆಂಡಿಗೆ ಅಷ್ಟು ಕಂಪನ) ಎರಡರಷ್ಟಕ್ಕಿಂತ ತುಸು ಜಾಸ್ತಿ ಇತ್ತು, ಸಾಕಾಯಿತು.

1999ರಲ್ಲಿ ಸೋನಿ, ಫಿಲಿಪ್ಸ್ ಸೇರಿ ಸೂಪರ್ ಆಡಿಯೋ ಸಿಡಿ ತಂದವು. ಅದರೊಳಗಿನ ಡಿಎಸ್‌ಡಿ ಎಂಬ ಬೇರೆ ಪದ್ಧತಿಯಲ್ಲಿ ಬಿಟ್ ಒಂದೇ, ಆದರೆ ಸೆಕೆಂಡಿಗೆ 28 ಲಕ್ಷ ಸಲ. ತಮಾಷೆ ಅಂದರೆ, ಸೋನಿ ಇದನ್ನು ಯೋಚಿಸಿದ್ದೇ ಹಳೇ ಮಾಸ್ಟರ್ ಟೇಪುಗಳನ್ನು ಕಾಪಾಡಲು. ಆದರೆ ಅದರಲ್ಲಿ ಸದ್ದು ಏರಿಸಿ ಇಳಿಸಬೇಕಾದರೂ ಸಾಮಾನ್ಯವಾಗಿ ಪಿಸಿಎಂಗೆ ಬದಲಿಸಬೇಕು. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಐಎಎಸ್‌ಎ ಸಾದಾ ಪಿಸಿಎಂಗೇ ಅಂಟಿಕೊಂಡಿತು: ಕನಿಷ್ಠ 48 ಕಿಲೋಹರ್ಟ್ಸ್ (ಸೆಕೆಂಡಿಗೆ 48,000 ಸ್ಯಾಂಪಲ್), 24 ಬಿಟ್. ಆದರೆ 96 ಒಳ್ಳೆಯದು. ಫೈಲಿನ ಬಗೆ, ಯುರೋಪಿನ ಪ್ರಸಾರ ಸಂಸ್ಥೆಗಳು 1997ರಲ್ಲಿ ತಂದ ಬ್ರಾಡ್‌ಕಾಸ್ಟ್ ವೇವ್: ರೆಕಾರ್ಡಿಂಗಿನ ವಿವರವನ್ನೂ ಒಳಗೆ ಇಟ್ಟುಕೊಳ್ಳುವ ವೇವ್ ಫೈಲು.

ನನ್ನ ಕೇಳಿದರೆ, ಮುಖ್ಯವಾದದ್ದು ಆ 24. ಅತಿ ಮೆಲ್ಲನೆಯ ಸದ್ದಿಗೂ ಅತಿ ಜೋರಿನ ಸದ್ದಿಗೂ ನಡುವಿನ ಅಂತರ ಒಂದು ಬಿಟ್ಟಿಗೆ ಸುಮಾರು 6 ಡೆಸಿಬಲ್ ಲೆಕ್ಕ. 16ಕ್ಕೆ 96, 24ಕ್ಕೆ 144. ಅಷ್ಟನ್ನು ಹಿಡಿಯುವ ಮೈಕು ಯಾರ ಹತ್ತಿರವೂ ಇಲ್ಲ ಬಿಡಿ. ಆದರೆ ತಂಬೂರಿ ಮೆಲ್ಲಗೆ ಮಿಡಿಯುತ್ತಿರುವಾಗಲೇ ಲೋಹದ ತಾಳವಾದ್ಯ ಗಗ್ಗರ ಜೋರಾಗಿ ಬೀಳುತ್ತದೆ ಅಲ್ವಾ? 24 ಬಿಟ್‌ನಲ್ಲಿ ರೆಕಾರ್ಡಿಂಗ್ ಲೆವೆಲ್ ಕೆಳಗಿಟ್ಟುಕೊಂಡರೆ ಗಗ್ಗರದ ಸದ್ದು ಒಡೆಯುವುದಿಲ್ಲ, ತಂಬೂರಿಯೂ ಗೊರಗೊರದಲ್ಲಿ ಮುಳುಗುವುದಿಲ್ಲ.

192 ಕಿಲೋಹರ್ಟ್ಸ್ ಸುಮ್ನೆ ಭಾರ. ಸ್ಟೀರಿಯೋದಲ್ಲಿ ಗಂಟೆಗೆ 4 ಜಿಬಿ ದಾಟುತ್ತದೆ. ಸಾದಾ ವೇವ್ ಫೈಲಿನ ಮಿತಿಯೂ 4 ಜಿಬಿಯೇ. ರಾತ್ರಿಯಿಡೀ ಹಾಡುವ ಕತೆ ಗಂಟೆ ಕಳೆಯುತ್ತಲೇ ತುಂಡಾಗುತ್ತದೆ. 96ರಲ್ಲಿ ಗಂಟೆಗೆ 2 ಜಿಬಿ. ಕ್ಯಾಸೆಟ್ಟಿಗೆ ಅದೂ ಧಾರಾಳವೇ. ಅದಕ್ಕಿಂತ ಕ್ಯಾಸೆಟ್ ಡೆಕ್ಕಿನ ಹೆಡ್ (ಟೇಪ್ ಓದುವ ಭಾಗ) ಒರೆಸಿ, ಟೇಪಿಗೆ ಅದು ಓರೆಯಾಗಿದ್ದರೆ ಸರಿಮಾಡಿಕೊಂಡರೆ ಲಾಭ ಜಾಸ್ತಿ.

ಜಾಗ ಸಾಲದಿದ್ದರೆ 2001ರಿಂದ ಫ್ಲಾಕ್ ಇದೆ. ಏನೂ ಕಳೆಯದೆ ಫೈಲನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ವಾಟ್ಸಾಪಿಗೆ ಎಂಪಿ3 ಮಾಡಿಕೊಳ್ಳಿ, ಆದರೆ ಮೂಲವನ್ನು ಅಳಿಸಬೇಡಿ. 128 ಕೆಬಿಪಿಎಸ್‌ಗೆ (ಸೆಕೆಂಡಿಗೆ 128 ಕಿಲೋಬಿಟ್) ಇಳಿಸಿದಾಗ ಮೊದಲು ಮಂಕಾಗುವುದು ಆ ಗಗ್ಗರದ ಕಿಣಿಕಿಣಿಯೇ.