ಬಿಸಿ ನೆಲದಲ್ಲಿ ಸೋಲುವ ವಂಶವಾಹಿ

ಕುಷ್ಟಗಿ, ಯಲಬುರ್ಗಾ ಕಡೆಯ ಮಸಾರಿ ಹೊಲಗಳಲ್ಲಿ ನೀರು ಸಾಕಷ್ಟಿದ್ದೂ ಮಧ್ಯಾಹ್ನಕ್ಕೆ ಜೋತುಬೀಳುವ ಟೊಮೆಟೊ ಗಿಡ ಕಂಡರೆ, ಎಲೆಗೆ ಔಷಧಿ ಹೊಡೆಯುವ ಮೊದಲು ಒಂದು ಗಿಡವನ್ನು ಕಿತ್ತು ಬೇರು ನೋಡುವುದು ಒಳ್ಳೆಯದು. ಬೇರಿನುದ್ದಕ್ಕೂ ಗಂಟುಗಳಿದ್ದರೆ ಅದು ಬೇರುಗಂಟು ಜಂತುಹುಳುವಿನ ಕೆಲಸ. ರೈತರ ಮಾತಿನಲ್ಲಿ ನೆಮಟೋಡ್. ಶೇಂಗಾ ಬೇರಿನಲ್ಲಿರುವ, ಸಾರಜನಕ ಹಿಡಿದಿಡುವ ಗಂಟುಗಳನ್ನು ಬೆರಳಿನಿಂದ ಉಜ್ಜಿದರೆ ಉದುರುತ್ತವೆ. ಹುಳುವಿನಿಂದಾದ ಗಂಟುಗಳು ಉದುರುವುದಿಲ್ಲ, ಏಕೆಂದರೆ ಇಲ್ಲಿ ಬೇರೇ ಊದಿಕೊಂಡಿರುತ್ತದೆ.

ಅರ್ಧ ಮಿಲಿಮೀಟರ್‌ ಕೂಡ ಇಲ್ಲದ ಮರಿಹುಳು ಬೇರನ್ನು ಹೊಕ್ಕು, ಬಾಯಿಯ ಟೊಳ್ಳು ಸೂಜಿಯಿಂದ ಕೆಲವು ಪ್ರೋಟೀನುಗಳನ್ನು ಗಿಡದ ಜೀವಕೋಶಗಳಿಗೆ ಸೇರಿಸುತ್ತದೆ. ಆ ಕೋಶಗಳಲ್ಲಿ ಕೋಶಕೇಂದ್ರ ಮತ್ತೆ ಮತ್ತೆ ಒಡೆಯುತ್ತದೆ, ಕೋಶ ಮಾತ್ರ ಎರಡಾಗದೆ ಉಬ್ಬುತ್ತಾ ಹೋಗಿ ಹುಳುವಿಗೆ ಊಟದ ಕಣಜವಾಗುತ್ತದೆ. ಬೇರಿನ ಕೋಶಭಿತ್ತಿಯನ್ನು ಕರಗಿಸುವ ಸೆಲ್ಯುಲೇಸ್ ಕಿಣ್ವವನ್ನು ಹುಳು ತಾನೇ ತಯಾರಿಸುತ್ತದೆ. ಪ್ರಾಣಿಗಳಲ್ಲಿ ಅಪರೂಪವಾದ ಈ ಕಿಣ್ವದ ವಂಶವಾಹಿ ಬ್ಯಾಕ್ಟೀರಿಯಾಗಳ ವಂಶವಾಹಿಯನ್ನೇ ಹೋಲುತ್ತದೆ. ಎಂದೋ ಒಂದು ಕಾಲದಲ್ಲಿ ಹುಳುವಿನ ಪೂರ್ವಜರು ಅದನ್ನು ಬ್ಯಾಕ್ಟೀರಿಯಾದಿಂದ ಪಡೆದಿರಬೇಕು ಎಂಬುದು ವಿಜ್ಞಾನಿಗಳ ತೀರ್ಮಾನ.

ನಮ್ಮಲ್ಲಿ ಸಾಮಾನ್ಯವಾದ ಮೆಲಾಯ್ಡೊಗೈನೆ ಇನ್‌ಕಾಗ್ನಿಟಾ ಪ್ರಭೇದದ ಜೀನೋಮ್, ಅಂದರೆ ಅದರ ಒಟ್ಟು ವಂಶವಾಹಿ ಮಾಹಿತಿ, 2008ರಲ್ಲಿ ಪ್ರಕಟವಾಯಿತು. ಇದರ ಹೆಣ್ಣಿಗೆ ಗಂಡಿನ ಕೂಡುವಿಕೆಯೇ ಬೇಡ. ತಾನೊಂದೇ ನೂರಾರು ಮೊಟ್ಟೆಗಳನ್ನಿಡುತ್ತದೆ. ಹೀಗೆ ವಂಶವಾಹಿಗಳ ಬೆರಕೆಯಿಲ್ಲದ ಜೀವಿ ಹೊಸ ಬೆಳೆಗೆ, ಹೊಸ ನೆಲಕ್ಕೆ ಹೇಗೆ ಒಗ್ಗಿಕೊಳ್ಳುತ್ತದೆ ಎಂಬುದು ನನಗೆ ಇದರ ಕಥೆಯಲ್ಲಿ ಅತ್ಯಂತ ಕುತೂಹಲದ ಭಾಗ. ಉತ್ತರದ ಒಂದು ಎಳೆ ಜೀನೋಮ್‌ನಲ್ಲಿಯೇ ಸಿಕ್ಕಿದೆ: ಹಿಂದೆ ನಡೆದ ಸಂಕರದಿಂದ ಬಂದ, ಒಂದಕ್ಕೊಂದು ಸಾಕಷ್ಟು ಭಿನ್ನವಾದ, ವಂಶವಾಹಿಗಳ ಮೂರು ಪ್ರತಿಗಳು ಅದರಲ್ಲಿವೆ. ಒಂದು ಪ್ರತಿ ಹಳೆಯ ಕೆಲಸ ಮಾಡುತ್ತಿದ್ದರೆ ಮತ್ತೊಂದು ಬದಲಾಗಲು ಸ್ವತಂತ್ರ.

ಗಿಡದ ಬಳಿಯೂ ಅಸ್ತ್ರವಿದೆ. ಪೆರು ದೇಶದ ಕಾಡು ಟೊಮೆಟೊದಲ್ಲಿದ್ದ ಎಂಐ-1 ಎಂಬ ನಿರೋಧಕ ವಂಶವಾಹಿಯನ್ನು 1940ರ ದಶಕದಲ್ಲಿ, ಸಾಯಲಿದ್ದ ಸಂಕರ ಭ್ರೂಣವನ್ನು ಬೀಜದಿಂದ ಹೊರತೆಗೆದು ಬೆಳೆಸಿ, ನಾಡು ಟೊಮೆಟೊಗೆ ತರಲಾಯಿತು. ಇಂದಿನ ಹಲವು ನಿರೋಧಕ ತಳಿಗಳ ಬಲ ಇದೊಂದೇ. ಆದರೆ ಮಣ್ಣಿನ ಉಷ್ಣಾಂಶ ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಇದು ಕೈಕೊಡುತ್ತದೆ. ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ಮೀರುವ ರಾಯಚೂರು, ಕೊಪ್ಪಳ, ಬಳ್ಳಾರಿಗಳ ರೈತನಿಗೆ ಇದು ಸಣ್ಣ ವಿಷಯವಲ್ಲ. ಬೀಜದ ಪೊಟ್ಟಣದ ಮೇಲೆ ‘ನಿರೋಧಕ’ ಎಂದು ಅಚ್ಚು ಹಾಕಿದರೆ ಸಾಲದು, ಎಷ್ಟು ಬಿಸಿಯವರೆಗೆ ಎಂಬುದನ್ನೂ ತಿಳಿಸಬೇಕು ಎಂದು ನಾನು ದೃಢವಾಗಿ ನಂಬುತ್ತೇನೆ. ಸೀಬೆ ತೋಟಗಳನ್ನು ಕಾಡುವ, ಇದೇ ಹುಳುವಿನ ಇನ್ನೊಂದು ಬಗೆಯಾದ ಎಂಟೆರೊಲೋಬಿ ಪ್ರಭೇದವಂತೂ ತಂಪು ಮಣ್ಣಿನಲ್ಲಿಯೂ ಎಂಐ-1 ಅನ್ನು ಮೀರುತ್ತದೆ.

ಮತ್ತೊಂದು ಕಾಡು ಟೊಮೆಟೊದಲ್ಲಿ ದೊರೆತ ಎಂಐ-9 ವಂಶವಾಹಿ 32 ಡಿಗ್ರಿಯಲ್ಲಿಯೂ ಇನ್‌ಕಾಗ್ನಿಟಾವನ್ನು ತಡೆಯುತ್ತದೆ. ಅದನ್ನು ಹೊತ್ತ ತಳಿಗಳ ಪರೀಕ್ಷೆ ತಂಪು ಹಸಿರುಮನೆಯಲ್ಲಿ ಮುಗಿಯದೆ, ಮೇ ತಿಂಗಳ ಮಸಾರಿ ನೆಲದಲ್ಲಿ, ಹನಿ ನೀರಾವರಿಯ ಸಾಲಿನಲ್ಲಿ, ಬೇರು ಕಿತ್ತು ಗಂಟು ಎಣಿಸುವವರೆಗೂ ನಡೆಯಬೇಕು.