ಚಾಕಿಂಗ್: ಹೊರಗೋಡೆಯ ಬಣ್ಣ ಪುಡಿಯಾಗುವುದು ಏಕೆ?

ನಾಲ್ಕಾರು ಬೇಸಿಗೆ ಕಂಡ ಹೊರಗೋಡೆಯನ್ನು ಅಂಗೈಯಿಂದ ಉಜ್ಜಿದರೆ ಕೆಲವೊಮ್ಮೆ ಸೀಮೆಸುಣ್ಣ ಮುಟ್ಟಿದಂತೆ ಪುಡಿ ಮೆತ್ತಿಕೊಳ್ಳುತ್ತದೆ. ರಸ್ತೆಯ ಧೂಳು ಇರಬೇಕೆಂದು ಅನೇಕರು ಸುಮ್ಮನಾಗುತ್ತಾರೆ. ಉದುರುತ್ತಿರುವುದು ಬಣ್ಣವೇ. ಉದ್ಯಮದವರು ಇದನ್ನು ಚಾಕಿಂಗ್ ಎನ್ನುತ್ತಾರೆ.

ಬಣ್ಣ ಕೊಡುವ ಪಿಗ್ಮೆಂಟಿನ ಕಣಗಳನ್ನು ಗೋಡೆಗೆ ಹಿಡಿದಿಡುವುದು ಬೈಂಡರ್ ಎಂಬ ಅಂಟು. ಬಿಸಿಲಿನ ನೇರಳಾತೀತ ಕಿರಣ, ತೇವ ಮತ್ತು ಆಮ್ಲಜನಕ ಸೇರಿ ಮೇಲ್ಪದರದ ಬೈಂಡರನ್ನು ಮೆಲ್ಲಗೆ ತಿನ್ನುತ್ತವೆ. ಹಿಡಿತ ತಪ್ಪಿದ ಕಣಗಳು ಪುಡಿಯಾಗಿ ಮೇಲೆ ನಿಲ್ಲುತ್ತವೆ. ಅಗ್ಗದ ಬಣ್ಣದಲ್ಲಿ ಬೈಂಡರ್ ಕಡಿಮೆ, ಸುಣ್ಣಕಲ್ಲಿನ ಪುಡಿಯಂತಹ ಫಿಲ್ಲರ್ ಹೆಚ್ಚು. ಅದು ಬೇಗ ಪುಡಿಯಾಗುತ್ತದೆ. ಹೊರಗೋಡೆಗೆ ಅಕ್ರಿಲಿಕ್ ಎಮಲ್ಷನ್, ಅಂದರೆ ಅಕ್ರಿಲಿಕ್ ಎಂಬ ಅಂಟಿರುವ ನೀರು ಬೆರೆತ ಬಣ್ಣ, ಒಳ್ಳೆಯದೆನ್ನುವುದು ಆ ಅಂಟು ಬಿಸಿಲನ್ನು ಚೆನ್ನಾಗಿ ತಾಳುವುದರಿಂದ.

ಬಿಳಿ ಬಣ್ಣಕ್ಕೆ ಬಳಸುವ ಟೈಟಾನಿಯಂ ಡೈಆಕ್ಸೈಡಿನ ಪಾತ್ರ ಇನ್ನೂ ಸ್ವಾರಸ್ಯದ್ದು. ಅನಟೇಸ್ ಮತ್ತು ರೂಟೈಲ್ ಅದರ ಎರಡು ಹರಳು ರೂಪಗಳು. ಅನಟೇಸ್ ಬಿಸಿಲಿನಲ್ಲಿ ತಾನೇ ರಾಸಾಯನಿಕ ಕ್ರಿಯೆಗೆ ಚಾಲನೆ ಕೊಟ್ಟು ಸುತ್ತಲಿನ ಬೈಂಡರನ್ನು ಕೆಡಿಸುತ್ತದೆ. ಬಾಳಿಕೆಯ ಬಣ್ಣಗಳಲ್ಲಿ ರೂಟೈಲ್ ಇರುತ್ತದೆ, ಅದರ ಕಣಗಳಿಗೂ ಸಿಲಿಕಾ, ಅಲ್ಯೂಮಿನಾದ ತೆಳುಹೊದಿಕೆ ಕೊಟ್ಟಿರುತ್ತಾರೆ. ಆದರೆ ಬೇಕೆಂದೇ ಅನಟೇಸ್ ಬೆರೆಸಿದ ಕಾಲವೂ ಇತ್ತು. ಮೇಲ್ಪದರ ಸ್ವಲ್ಪಸ್ವಲ್ಪವೇ ಪುಡಿಯಾದರೆ ಮಳೆ ಕೊಳೆಯನ್ನೂ ತೊಳೆದೊಯ್ದು ಗೋಡೆ ಬಿಳಿಯಾಗಿಯೇ ಉಳಿಯುತ್ತದೆಂಬುದು ಲೆಕ್ಕಾಚಾರ. ಪಿಗ್ಮೆಂಟಿನ ದೋಷವನ್ನೇ ಕೆಲಸಕ್ಕೆ ಹಚ್ಚಿದ ಜಾಣತನವದು.

ಪರೀಕ್ಷೆಯ ವಿಧಾನ ಸರಳ. ಐಎಸ್ಒ 4628 ಎಂಬ ಅಂತರರಾಷ್ಟ್ರೀಯ ಮಾನದಂಡದ 6ನೇ ಭಾಗದಂತೆ, ಪಾರದರ್ಶಕ ಟೇಪನ್ನು ಬಣ್ಣದ ಮೇಲೆ ಒತ್ತಿ ಅಂಟಿಸಿ, ಕಿತ್ತು, ಬಿಳಿ ಬಣ್ಣವಾದರೆ ಕಪ್ಪು ಹಿನ್ನೆಲೆಯ ಮೇಲಿಟ್ಟು ನೋಡುತ್ತಾರೆ. ಅಂಟಿಬಂದ ಪುಡಿಯನ್ನು ಮಾದರಿ ಚಿತ್ರಗಳೊಂದಿಗೆ ಹೋಲಿಸಿ 0ಯಿಂದ 5ರವರೆಗೆ ಅಂಕ ಕೊಡುತ್ತಾರೆ. 0 ಎಂದರೆ ಚಾಕಿಂಗ್ ಇಲ್ಲ. ಕಷ್ಟವಿರುವುದು ವರ್ಷಗಳ ಬಿಸಿಲನ್ನು ವಾರಗಳಿಗೆ ಇಳಿಸುವುದರಲ್ಲಿ. ಅದಕ್ಕೆಂದೇ ಇರುವ ಯಂತ್ರದಲ್ಲಿ ಬಣ್ಣ ಬಳಿದ ಫಲಕವನ್ನು, ಒಂದು ಸಾಮಾನ್ಯ ಕ್ರಮದಂತೆ, 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 8 ಗಂಟೆ ನೇರಳಾತೀತ ಬೆಳಕಿಗೂ 50 ಡಿಗ್ರಿಯಲ್ಲಿ 4 ಗಂಟೆ ಇಬ್ಬನಿಯಂತೆ ಕಟ್ಟುವ ತೇವಕ್ಕೂ ಮತ್ತೆಮತ್ತೆ ಒಡ್ಡುತ್ತಾರೆ. ಬಿಸಿಲಿನಲ್ಲಿ ಇಲ್ಲದ ಅತಿ ಕಿರುತರಂಗದ ದೀಪ ಬಳಸಿದರೆ, ಹೊರಗೆ ಚೆನ್ನಾಗಿ ಬಾಳುವ ಬಣ್ಣವೂ ಯಂತ್ರದಲ್ಲಿ ಸೋಲಬಹುದು. ಆದ್ದರಿಂದಲೇ ಫ್ಲೋರಿಡಾದಂತಹ ಬಿಸಿಲು-ತೇವದ ಜಾಗಗಳಲ್ಲಿ ಫಲಕಗಳನ್ನು ದಕ್ಷಿಣಕ್ಕೆ ವಾಲಿಸಿ, ವರ್ಷಗಟ್ಟಲೆ ಬಯಲಿನಲ್ಲಿಟ್ಟು ನೋಡುವ ಪದ್ಧತಿ ಇಂದಿಗೂ ಇದೆ. ಯಂತ್ರದ ಗಂಟೆಗಳನ್ನು ನೇರವಾಗಿ ಗೋಡೆಯ ವರ್ಷಗಳಿಗೆ ಗುಣಿಸಿ ಹೇಳುವ ಮಾತನ್ನು ನಾನಂತೂ ಒಪ್ಪುವುದಿಲ್ಲ.

ಮನೆಗೆ ಮತ್ತೆ ಬಣ್ಣ ಬಳಿಸುವವರು ಗೋಡೆಯನ್ನು ಕಪ್ಪು ಬಟ್ಟೆಯಿಂದ ಒರೆಸಿ ನೋಡಬೇಕು. ಪುಡಿಯ ಮೇಲೆ ಬಳಿದ ಹೊಸ ಬಣ್ಣ ಗೋಡೆಯನ್ನು ಹಿಡಿಯದೆ ಪುಡಿಯ ಸಮೇತ ಪದರಪದರವಾಗಿ ಏಳುತ್ತದೆ. ಬ್ರಷ್‌ನಿಂದ ತಿಕ್ಕಿ, ತೊಳೆದು, ಒಣಗಿಸಿದ ಮೇಲೂ ಬಟ್ಟೆಗೆ ಪುಡಿ ಹತ್ತಿದರೆ, ಸಡಿಲ ಕಣಗಳನ್ನು ಬಿಗಿಯುವ ಪ್ರೈಮರ್ ಮೊದಲು ಬಳಿಸಿ.